ಸಿಹಿ ವೈನಿನ ಪರೀಕ್ಷೆ: ಸಕ್ಕರೆಯ ಮರೆಯಲ್ಲಿ ಹುಳಿಯ ಹುಡುಕಾಟ

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಗಳಲ್ಲಿ ಖರೀದಿದಾರರು ಸೊಪ್ಪಿನ ಬಣ್ಣ ನೋಡುತ್ತಾರೆ, ಮುಟ್ಟಿ ನೋಡುತ್ತಾರೆ, ಮೂಸುತ್ತಾರೆ. ರೈತನ ವರ್ಷದ ದುಡಿಮೆಗೆ ಬೆಲೆ ಬೀಳುವುದು ಆ ಕೆಲವೇ ಕ್ಷಣಗಳಲ್ಲಿ. ದ್ರಾಕ್ಷಾರಸದ ಮೌಲ್ಯಮಾಪನ ಕಲಿಯುವ ವಿದ್ಯಾರ್ಥಿಯ ಪಾಠವೂ ಹೆಚ್ಚುಕಡಿಮೆ ಇದೇ: ಮೊದಲು ಕಣ್ಣು, ನಂತರ ಮೂಗು, ಕೊನೆಗೆ ನಾಲಿಗೆ. ಅದರಲ್ಲಿ ಆತನನ್ನು ಹೆಚ್ಚು ಕಾಡುವುದು ಊಟದ ಕೊನೆಗೆ ಕುಡಿಯುವ ಸಿಹಿ ವೈನ್. ಸಕ್ಕರೆ ಎಲ್ಲರಿಗೂ ಪ್ರಿಯ. ಹಲವು ದೋಷಗಳನ್ನು ಮುಚ್ಚಿಹಾಕುವುದೂ ಅದೇ.

ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವಾಗಿಸುತ್ತದೆ. ತಿನ್ನದೆ ಉಳಿದದ್ದೇ ಸಿಹಿ. ಫ್ರಾನ್ಸಿನ ಸೋಟರ್ನ್ ಮತ್ತು ಹಂಗೆರಿಯ ಟೊಕಾಯ್ ಪ್ರದೇಶಗಳಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿನ ನೀರನ್ನು ಬತ್ತಿಸಿ ರಸವನ್ನು ಗಟ್ಟಿಗೊಳಿಸುತ್ತದೆ. ಜರ್ಮನಿ, ಕೆನಡಾಗಳಲ್ಲಿ ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣನ್ನು ಹಿಂಡುತ್ತಾರೆ. ಪೋರ್ತುಗಲ್ಲಿನ ಪೋರ್ಟ್ ವೈನಿಗೆ ಹುದುಗುವಿಕೆಯ ನಡುವೆಯೇ ದ್ರಾಕ್ಷಿಯ ಮದ್ಯಸಾರ ಬೆರೆಸಿ ಯೀಸ್ಟನ್ನು ತಡೆಯುತ್ತಾರೆ. ನಮ್ಮ ದೇಶದ ನಾಸಿಕ್‌ನಲ್ಲಿ ಶೆನಿನ್ ಬ್ಲಾಂಕ್ ಹಣ್ಣನ್ನು ತಡವಾಗಿ ಕೊಯ್ದು ಸಿಹಿ ವೈನ್ ತಯಾರಿಸುವುದುಂಟು.

ಸೋಟರ್ನ್ ವೈನಿನ ಒಂದು ಲೀಟರಿನಲ್ಲಿ 120 ಗ್ರಾಂಗೂ ಮೀರಿ ಸಕ್ಕರೆ ಇರುವುದು ಸಾಮಾನ್ಯ. ಕೋಲಾ ಪಾನೀಯದಲ್ಲಿರುವುದು ಸುಮಾರು 106 ಗ್ರಾಂ. ಆದರೂ ಉತ್ತಮ ಸೋಟರ್ನ್ ಬಾಯಿಗೆ ಅಂಟುವುದಿಲ್ಲ. ಕಾರಣ ಹುಳಿ. ನಿಂಬೆ ಹಿಂಡದ ಬೆಲ್ಲದ ಪಾನಕ ಎರಡನೆಯ ಲೋಟಕ್ಕೇ ಬೇಸರ ತರುವುದನ್ನು ನೆನೆದರೆ ಸಾಕು. ಆದ್ದರಿಂದ ವಿದ್ಯಾರ್ಥಿ ಗುಟುಕನ್ನು ಬಾಯಲ್ಲಿ ಆಡಿಸಿ, ಉಗುಳಿ, ಕಾಯಬೇಕು. ನಾಲಿಗೆಯ ಬದಿಗಳಲ್ಲಿ ನೀರೂರಿದರೆ ಹುಳಿ ಚೆನ್ನಾಗಿದೆ. ಗಂಟಲು ಬೆಚ್ಚಗಾದರೆ ಮದ್ಯಸಾರ ಹೆಚ್ಚು. ಹಣ್ಣಿನ ರುಚಿ ಮಾಯವಾಗಿ ಬರೀ ಸಕ್ಕರೆ ಉಳಿದರೆ ಅಂಕ ಕಡಿಮೆ. ತೀರಾ ತಣ್ಣಗಿದ್ದರೆ ಸಿಹಿಯೂ ಪರಿಮಳವೂ ಅಡಗುತ್ತವೆ. ಬೆಚ್ಚಗಾದರೆ ಸಿಹಿ ಮೊಗಚುತ್ತದೆ. ಒಣ ವೈನುಗಳ ಸರದಿ ಮುಗಿದ ಮೇಲೆಯೇ ಸಿಹಿಯದನ್ನು ಸವಿಯಬೇಕೆಂಬ ನಿಯಮವಿರುವುದು ಸಕಾರಣವಾಗಿಯೇ.

ಪರಿಮಳದ ವಿಷಯದಲ್ಲಿ ತೊಡಕು ಬೇರೆ. ಪಠ್ಯಪುಸ್ತಕಗಳು ಏಪ್ರಿಕಾಟ್, ಕಿತ್ತಳೆ ಸಿಪ್ಪೆಯ ಮಾರ್ಮಲೇಡ್ ಎನ್ನುತ್ತವೆ. ಮಾರ್ಮಲೇಡನ್ನೇ ಕಾಣದವನು ಅದನ್ನು ಲೋಟದಲ್ಲಿ ಹುಡುಕುವುದೆಂತು? ಆದರೆ ಬೂಷ್ಟು ಹಿಡಿದ ದ್ರಾಕ್ಷಿಯ ವೈನಿಗೆ ಅದೇ ಪುಸ್ತಕಗಳು ಜೇನು, ಶುಂಠಿಯ ಹೋಲಿಕೆಯನ್ನೂ ಕೊಡುತ್ತವೆ. ಎಚ್.ಡಿ. ಕೋಟೆಯ ಕಾಡಂಚಿನ ಜೇನು, ಪಿರಿಯಾಪಟ್ಟಣದ ಹೊಲದಿಂದ ಆಗತಾನೇ ಕಿತ್ತ ಹಸಿಶುಂಠಿ ಬಲ್ಲ ಮೂಗಿಗೆ ಇವು ಹೊಸತಲ್ಲ. ಪೀಪಾಯಿಯಲ್ಲಿ ಬಹುಕಾಲ ಮಾಗಿದ ಪೋರ್ಟ್ ವೈನಿನಲ್ಲಿ ಕೆ.ಆರ್. ನಗರದ ಕಡೆಯ ಆಲೆಮನೆಯ ಪಾಕ ನೆನಪಾದೀತು. ಹಳೆಯ ಕೆಂಪು ವೈನುಗಳ ವರ್ಣನೆಯಲ್ಲಿ ಬರುವ ‘ತಂಬಾಕು’ ಎಂಬ ಮಾತಂತೂ ಹುಣಸೂರಿನ ಬ್ಯಾರನ್‌ಗಳ ಮಗ್ಗುಲಲ್ಲಿ ಬೆಳೆದವರಿಗೆ ವಿವರಿಸಬೇಕಾದುದಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಪದವನ್ನೇ ಬರೆಯಬೇಕಾದರೂ ಅದನ್ನು ಕಂಡುಹಿಡಿಯುವುದು ಊರಿನ ನೆನಪಿನಿಂದಲೇ.

ಕರ್ನಾಟಕದ ಮಟ್ಟಿಗೆ ಈ ವಿವೇಚನೆಗೆ ಇನ್ನೊಂದು ಮುಖವಿದೆ. ರಾಜ್ಯವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು; ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಕಪ್ಪು ಹಣ್ಣಿನಿಂದ ಸಿಹಿ ಕೆಂಪು ವೈನ್ ತಯಾರಾಗುತ್ತದೆ. ಅಮೆರಿಕ ಮೂಲದ ಲಾಬ್ರುಸ್ಕಾ ವಂಶದ ಗಾಢ, ಕಸ್ತೂರಿಯಂಥ ವಾಸನೆ ಇದರಲ್ಲಿದೆ. ಐರೋಪ್ಯ ತಳಿಗಳಲ್ಲಿ ಪಳಗಿದ ವಿದ್ಯಾರ್ಥಿ ಅದನ್ನು ಒಂದೇ ಮಾತಿನಲ್ಲಿ ದೋಷವೆಂದು ಬರೆದುಬಿಡುವ ಸಂಭವವಿದೆ. ಅದು ದೋಷವಲ್ಲ, ತಳಿಯ ಗುಣ. ಹುಳಿ ಸಾಲದಿದ್ದರೆ, ವಿನೆಗರಿನ ವಾಸನೆಯಿದ್ದರೆ, ಸಕ್ಕರೆಯೊಂದೇ ಎದ್ದು ಕಂಡರೆ ಅಂಕ ಕಳೆಯಲಿ. ‘ಪೋರ್ಟ್’ ಎಂದು ಇಲ್ಲಿ ಮಾರಾಟವಾಗುವುದೆಲ್ಲ ಪೋರ್ತುಗಲ್ಲಿನ ವಿಧಾನದಲ್ಲಿ ಆದುದಲ್ಲ ಎಂಬುದನ್ನೂ ಗಮನಿಸಲಿ. ಹಣ್ಣಿನ ಜಾತಿಗೇ ಅಂಕ ಕಳೆದರೆ ಮಾತ್ರ ಪೆಟ್ಟು ಬೀಳುವುದು ಬಳ್ಳಿ ಬೆಳೆಸಿದವನಿಗೆ.