ಒಂಟೆ ಇತ್ತು, ಪೇದೆ ಇತ್ತು, ಗೆಲುವು ಬರಲಿಲ್ಲ

ಜಯನಗರದಲ್ಲಿ ಒಂದು ಭಾನುವಾರದ ಚೆಸ್ ಟೂರ್ನಿ, ಕೊನೇ ರೌಂಡ್. ಗೆದ್ದರೆ ಬಹುಮಾನದ ಪಟ್ಟಿಯಲ್ಲಿ ನನ್ನ ಹೆಸರೂ ಬರ್ತಿತ್ತು. ಎದುರಿಗೆ ಏಳನೇ ಕ್ಲಾಸಿನ ಹುಡುಗ, ಕುರ್ಚಿ ಮೇಲೆ ಮಂಡಿಯೂರಿ ಕೂತಿದ್ದ.

ಶುರುವಿನ ಆಟ ಬಿಡಿ, ಇಬ್ಬರೂ ಬೇಕಾದಷ್ಟು ತಪ್ಪು ಮಾಡಿದ್ವಿ. ಕೊನೆಗೆ ಉಳಿದದ್ದು ಇಷ್ಟು (ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ): ಬಿಳಿ ಕಾಯಿ ನನ್ನದು. ರಾಜ ಎಫ್4, ಒಂಟೆ ಡಿ3, ಪೇದೆಗಳು ಜಿ4 ಮತ್ತು ಎಚ್4. ಅವನ ರಾಜ ಜಿ7, ಕುದುರೆ ಎಫ್6. ಪೇದೆ ಒಂದೂ ಇಲ್ಲ.

ಅವನ ಕುದುರೆ ಜಿ4ರ ಪೇದೆಯನ್ನು ಹೊಡೀತು. ಅದಕ್ಕೆ ನನ್ನ ರಾಜನ ಕಾವಲಿತ್ತು! ಪಾಪ, ನೋಡದೆ ಆಡಿದ ಅಂದ್ಕೊಂಡು ಖುಷಿಯಿಂದ ಕುದುರೆ ತಗೊಂಡೆ. ಅವನು ರಾಜನನ್ನು ಎಚ್8ಕ್ಕೆ, ಅಂದ್ರೆ ನನ್ನ ಕಡೆಯಿಂದ ದೂರದ ಬಲಮೂಲೆಗೆ, ಸರಿಸಿ "ಡ್ರಾನಾ ಅಣ್ಣ?" ಅಂದ. ನನಗೆ ನಗು ಬಂತು. ಅವನ ಹತ್ತಿರ ಬರೀ ರಾಜ!

ಈಗ ಲೆಕ್ಕ ನೋಡಿ. ಒಂಟೆ ಶುರುವಾದ ಬಣ್ಣದ ಮನೆಗಳನ್ನು ಬಿಟ್ಟು ಆಚೆ ಹೋಗಲ್ಲ. ನನ್ನದು ಬಿಳಿ ಮನೆಯ ಒಂಟೆ. ಉಳಿದ ಪೇದೆ ಮಂತ್ರಿಯಾಗಬೇಕಾದ ಎಚ್8 ಕಪ್ಪು ಮನೆ. ಆ ಮೂಲೆಯಲ್ಲಿ ಕೂತ ರಾಜನಿಗೆ ನನ್ನ ಒಂಟೆ ಜನ್ಮದಲ್ಲಿ ಚೆಕ್ ಕೊಡೋಕಾಗಲ್ಲ. ನನ್ನ ರಾಜ ಜಿ7, ಎಚ್7 ಮುಚ್ಚಿ, ಒಂಟೆ ಜಿ8 ಮುಚ್ಚಿದರೆ? ಅವನಿಗೆ ನಡೆ ಇಲ್ಲ, ಆದರೆ ಚೆಕ್ ಕೂಡ ಇಲ್ಲ. ಅದು ಸ್ಟೇಲ್‌ಮೇಟ್, ಡ್ರಾ. ಸ್ವಲ್ಪ ಜಾಗ ಬಿಟ್ಟರೆ ಎಚ್8, ಜಿ8 ಅಂತ ಓಡಾಡಿಕೊಂಡಿರ್ತಾನೆ. ಇದೇ ಪೇದೆ ಜಿ ಸಾಲಿನಲ್ಲಿದ್ದಿದ್ರೆ ಆಟ ನನ್ನದಾಗ್ತಿತ್ತು. ಅದಕ್ಕೇ ಅವನು ಕುದುರೆ ಕೊಟ್ಟು ಆ ಪೇದೆಯನ್ನೇ ತೆಗೆದದ್ದು.

ನಾನು ಹಟ ಬಿಡಲಿಲ್ಲ. ಪೇದೆ ಕದಲದೆ, ಕಾಯಿ ಹೊಡೆಯದೆ ಇಬ್ಬರೂ ತಲಾ 50 ನಡೆ ಆಡಿದರೆ ಡ್ರಾ ಕೇಳಬಹುದು. 75 ಆದರೆ ಯಾರೂ ಕೇಳದಿದ್ರೂ ಡ್ರಾನೇ. ಅಲ್ಲಿವರೆಗೆ ಎಳೆಯೋ ಯೋಚನೆಯೂ ಇತ್ತು ಅನ್ನಿ. ಆದರೆ ಪಕ್ಕದ ಬೋರ್ಡಿನವರೆಲ್ಲ ಬಂದು ನಿಂತು ನೋಡೋಕೆ ಶುರು ಮಾಡಿದ್ರು. ನಾಚಿಕೆಯಾಗಿ ನಾನೇ ಪೇದೆಯನ್ನು ಎಚ್7ಕ್ಕೆ ತಳ್ಳಿ, ಸ್ಟೇಲ್‌ಮೇಟ್ ಮಾಡಿ ಕೈಕುಲುಕಿದೆ. ಇಬ್ಬರಿಗೂ ಅರ್ಧರ್ಧ ಪಾಯಿಂಟ್.

ತಪ್ಪಾಗಿದ್ದು ಕುದುರೆ ತಗೊಂಡಾಗ ಅಲ್ಲ, ಅದಕ್ಕೂ ಒಂದು ನಡೆ ಮುಂಚೆ. ಜಿ4ಕ್ಕೆ ಕಾವಲಿದೆ ಅನ್ನೋ ಧೈರ್ಯದಲ್ಲಿ ಸುಮ್ಮನೆ ಒಂಟೆ ಆಡಿದ್ದೆ. ಆಗಲೇ ಪೇದೆಯನ್ನು ಜಿ5ಕ್ಕೆ ತಳ್ಳಿದ್ರೆ ಕುದುರೆಯೇ ಜಾಗ ಖಾಲಿ ಮಾಡಬೇಕಿತ್ತು. ಇದನ್ನೂ ನಾನು ಕಂಡುಹಿಡಿದದ್ದಲ್ಲ. ಹೊರಗೆ ಕಾಫಿ ಕುಡೀತಿದ್ದಾಗ ಆ ಹುಡುಗನೇ ಬಂದು ಹೇಳಿಕೊಟ್ಟು ಹೋದ.