ಜಲಪಕ್ಷಿಗಳಲ್ಲಿ ಬೊಟುಲಿನ ವಿಷದ ನಿರ್ಣಯ

2019ನೆಯ ನವೆಂಬರು ತಿಂಗಳಿನಲ್ಲಿ ರಾಜಸ್ಥಾನದ ಸಾಂಭರ ಸರೋವರದಲ್ಲಿ 18,000ಕ್ಕೂ ಹೆಚ್ಚು ಪಕ್ಷಿಗಳು ಮಡಿದುವು. ಹಕ್ಕಿಜ್ವರವೆಂಬ ಶಂಕೆಯನ್ನು ಭೋಪಾಲದ ಪ್ರಯೋಗಶಾಲೆಯು ನಿವಾರಿಸಿತು. ಬೊಟುಲಿಸಂ ಎಂಬ ವಿಷರೋಗವೇ ಕಾರಣವೆಂದು ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯು ನಿರ್ಣಯಿಸಿತು. ಇಂತಹ ನಿರ್ಣಯವು ಯಾವ ಪ್ರಮಾಣವನ್ನು ಆಶ್ರಯಿಸತಕ್ಕದ್ದೆಂಬುದು ವಿಚಾರಾರ್ಹವಾಗಿದೆ.

ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿಯು ಗಾಳಿಯಿಲ್ಲದೆಡೆಯಲ್ಲಿ, ಕೊಳೆಯುವ ಮಾಂಸದಲ್ಲಿ ಬೆಳೆದು ಈ ವಿಷವನ್ನು ಹುಟ್ಟಿಸುತ್ತದೆ. ನರದಿಂದ ಸ್ನಾಯುವಿಗೆ ಹೋಗುವ ಪ್ರೇರಣೆಯನ್ನು ವಿಷವು ತಡೆಯುವುದರಿಂದ ಹಕ್ಕಿಯ ರೆಕ್ಕೆ ಕಾಲುಗಳು ಸೋಲುತ್ತವೆ. ಕತ್ತು ಜೋತುಬಿದ್ದು ಎಷ್ಟೋ ಹಕ್ಕಿಗಳು ನೀರಿನಲ್ಲಿ ಮುಳುಗಿ ಸಾಯುತ್ತವೆ. ಆದರೆ ಶವವನ್ನು ಸೀಳಿ ನೋಡಿದರೆ ಈ ರೋಗಕ್ಕೇ ವಿಶಿಷ್ಟವಾದ ಗುರುತೊಂದೂ ಕಾಣದು. ಇದರಿಂದಲೇ ಹಿಂದೆ ಭ್ರಾಂತಿಯುಂಟಾಯಿತು. ಅಮೆರಿಕದ ಯೂಟಾ ಪ್ರಾಂತದಲ್ಲಿ 1910ರಲ್ಲಿ ಬಾತುಗಳು ರಾಶಿರಾಶಿಯಾಗಿ ಸತ್ತುವು. ನೀರಿನ ಕ್ಷಾರವೇ ಇದಕ್ಕೆ ಕಾರಣವೆಂದು ವೆಟ್‌ಮೋರ್ ಎಂಬ ಪಕ್ಷಿಶಾಸ್ತ್ರಜ್ಞರು ಮುಂದೆ ಪ್ರತಿಪಾದಿಸಿದರು. 1930ರಲ್ಲಿ ಕಾಲ್ಮ್‌ಬಾಕ್ ಮೊದಲಾದವರು ಇಂತಹ ಮರಣಗಳಿಗೆ ಬೊಟುಲಿನ ವಿಷವು ಕಾರಣವೆಂದು ತೋರಿಸಿದ ಬಳಿಕ ಆ ಮತವು ನಿಲ್ಲದಾಯಿತು.

ಸೂಕ್ಷ್ಮಜೀವಿಯು ದೊರೆತ ಮಾತ್ರದಿಂದ ರೋಗವು ಸಿದ್ಧವಾಗದು. ಅದರ ಬೀಜಾಣುಗಳು ಕೆರೆಯ ಕೆಸರಿನಲ್ಲಿಯೂ ಆರೋಗ್ಯವಾದ ಹಕ್ಕಿಗಳ ಕರುಳಿನಲ್ಲಿಯೂ ಇರಬಹುದು. ಹಕ್ಕಿ ಸತ್ತ ಮೇಲೆಯೂ ಶವದಲ್ಲಿ ವಿಷ ಹುಟ್ಟಬಹುದು. ಆದುದರಿಂದ ರೋಗದಿಂದ ನರಳುತ್ತಿರುವ ಅಥವಾ ಆಗತಾನೆ ಸತ್ತ ಹಕ್ಕಿಯ ರಕ್ತವೇ ಪರೀಕ್ಷೆಗೆ ಶ್ರೇಷ್ಠ. ಅದರಿಂದ ಸೀರಮನ್ನು ಬೇರ್ಪಡಿಸಿ ಎರಡು ಗುಂಪಿನ ಇಲಿಗಳಿಗೆ ಚುಚ್ಚುತ್ತಾರೆ. ಒಂದು ಗುಂಪಿಗೆ ಮಾತ್ರ ಪ್ರತಿವಿಷದ ರಕ್ಷೆಯುಂಟು. ಜಲಪಕ್ಷಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 'ಸಿ' ಜಾತಿಯ ವಿಷವಾದುದರಿಂದ ಆ ಜಾತಿಯ ಪ್ರತಿವಿಷವನ್ನೇ ಕೊಡುವರು. ರಕ್ಷೆಯಿಲ್ಲದ ಇಲಿಗಳು ಉಸಿರಾಟಕ್ಕೆ ಕಷ್ಟಪಟ್ಟು, ನಡು ಒಳಸೆಳೆದು ಸತ್ತು, ರಕ್ಷೆಯುಳ್ಳವು ಬದುಕಿದರೆ ವಿಷವಿದ್ದುದು ಸಿದ್ಧವಾಯಿತು. ನಮ್ಮ ತಾರ್ಕಿಕರು ಅನ್ವಯ ವ್ಯತಿರೇಕಗಳೆಂದು ಕರೆದ ಕ್ರಮವು ಇಲ್ಲಿ ಕಣ್ಣಿಗೆ ಕಾಣುವಂತಿದೆ.

ಆದರೂ ಇಲಿಗಳೆಲ್ಲ ಉಳಿದ ಮಾತ್ರಕ್ಕೆ ವಿಷವಿರಲಿಲ್ಲವೆನ್ನಲಾಗದು. ಅದರ ಪ್ರಮಾಣವು ಅತ್ಯಲ್ಪವಾಗಿದ್ದಿರಬಹುದು. ಇಂದಿನ ಪಿ.ಸಿ.ಆರ್. ಪರೀಕ್ಷೆಯು ಶೀಘ್ರವಾದುದು ನಿಜ. ಆದರೆ ಅದು ತೋರಿಸುವುದು ವಿಷವನ್ನು ಹುಟ್ಟಿಸುವ ಜೀನನ್ನೇ ಹೊರತು ವಿಷವನ್ನಲ್ಲ.

ನಿರ್ಣಯವು ತಡವಾದಷ್ಟೂ ಹಾನಿ ಹೆಚ್ಚುತ್ತದೆ. ಶವಗಳಲ್ಲಿ ಬೆಳೆದ ಹುಳುಗಳು ತಾವು ಸಾಯದೆ ವಿಷವನ್ನು ಹೊತ್ತಿರುತ್ತವೆ; ಅವನ್ನು ತಿಂದ ಹಕ್ಕಿಯು ಸತ್ತು ಮತ್ತಷ್ಟು ಹುಳುಗಳಿಗೆ ಆಹಾರವಾಗುತ್ತದೆ. ಈ ಚಕ್ರವನ್ನು ಕಡಿಯಲು ಶವಗಳನ್ನು ಒಡನೆಯೇ ತೆಗೆಯುವುದು ಮುಖ್ಯೋಪಾಯ. ಹೀಗೆ ಪ್ರಯೋಗಶಾಲೆಯ ಒಂದು ಸೂಕ್ಷ್ಮ ವಿವೇಚನೆಯು ಸರೋವರದಲ್ಲಿ ಇನ್ನೂ ಜೀವಿಸಿರುವ ಹಕ್ಕಿಗಳ ಉಳಿವಿಗೆ ಆಧಾರವಾಗುತ್ತದೆ.