ಬಿಎಲ್‌ಡಿಸಿ ಫ್ಯಾನ್: ಅಂಗಡಿಗೆ ಓಕೆ, ಮನೆಗೆ ಬಿಲ್ ನೋಡಿ ತಗೊಳ್ಳಿ

ಬೇಸಿಗೆ ಬಂತು ಅಂದ್ರೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್‌ಗಳದ್ದೇ ಮಾತು. 'ಕರೆಂಟ್ ಬಿಲ್ ಅರ್ಧ ಆಗುತ್ತೆ' ಅಂತಾರೆ. ಇಡೀ ಬಿಲ್ ಅಲ್ಲ, ಕಡಿಮೆ ಆಗೋದು ಫ್ಯಾನಿನ ಪಾಲು ಮಾತ್ರ.

ಸಾದಾ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಇದು ಸುಮಾರು 30. ದಿನಕ್ಕೆ 12 ಗಂಟೆ ತಿರುಗುವ ಅಂಗಡಿಯಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯುತ್ತೆ. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ 112 ರೂಪಾಯಿ. ಹೊಸ ಫ್ಯಾನ್ ಬೇಕೇ ಬೇಕು ಅನ್ನುವವರು ಇದಕ್ಕೆ 1,200 ರೂಪಾಯಿ ಜಾಸ್ತಿ ಕೊಟ್ಟರೂ ಸುಮಾರು 11 ತಿಂಗಳಲ್ಲಿ ವಾಪಸ್. ಕರೆಂಟ್ ಹೋದಾಗ ಯುಪಿಎಸ್ ಕೂಡ ಹೆಚ್ಚು ಹೊತ್ತು ಬರುತ್ತೆ.

ಮನೆ ಲೆಕ್ಕ ಬೇರೆ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ ಯೂನಿಟ್ ಉಳಿಸಿದರೂ ಕೈಗೆ ದುಡ್ಡು ಸಿಗಲ್ಲ. ಬಳಕೆ ನಿಮ್ಮ ಮನೆಗೆ ಇರುವ ಉಚಿತ ಯೂನಿಟ್ ಮಿತಿ ದಾಟುವ ಹಾಗಿದ್ದರೆ ಮಾತ್ರ ಇದು ನಿಜಕ್ಕೂ ಉಪಯೋಗ. ಅಂಗಡಿ ಮೀಟರ್‌ಗೆ ಆ ಯೋಜನೆ ಇಲ್ಲ.

ಇನ್ನೊಂದು ವಿಷಯ. ಸಾದಾ ಫ್ಯಾನ್ ನಿಧಾನ ಆದರೆ ಎಷ್ಟೋ ಸಲ ಕೆಪಾಸಿಟರ್ ಬದಲಿಸಿದರೆ ಸಾಕು. ಇದರೊಳಗೆ ಸರ್ಕ್ಯೂಟ್ ಬೋರ್ಡ್ ಇದೆ, ಅದು ಹೋದರೆ ಖರ್ಚು ಜಾಸ್ತಿ. ಹಾಗಾಗಿ ರಿಮೋಟ್ ನೋಡಿ ಮರುಳಾಗಬೇಡಿ. ಬಾಕ್ಸ್ ಮೇಲಿನ ವ್ಯಾಟ್ ಓದಿ, ಸರ್ವಿಸ್ ಯಾವ ಊರಲ್ಲಿ ಸಿಗುತ್ತೆ ಕೇಳಿ, ಬಿಲ್ ಜೋಪಾನ ಮಾಡಿ.